ದುಬಾರಿ ಗಡಿಯಾರ ಚಿನ್ನವಾದೀತೇ?

ಪ್ರಶ್ನೆ: ಲಕ್ಷಗಟ್ಟಲೆ ಬೆಲೆಯ ಕೈಗಡಿಯಾರ ಕೊಂಡರೆ ಮುಂದೆ ಮಾರುವಾಗ ಹಾಕಿದ ಹಣ ಸಿಗುತ್ತದೆಯೇ? ಅಪ್ಪನ ಹಳೆಯ ಎಚ್‌ಎಂಟಿಗೆ ಬೆಲೆಯಿದೆಯೇ?
– ಓದುಗರೊಬ್ಬರು, ಗಾಜನೂರು

ಉತ್ತರ: ಬಹುತೇಕ ಗಡಿಯಾರಗಳಲ್ಲಿ ಸಿಗುವುದಿಲ್ಲ. ಚಿನ್ನವನ್ನು ಕರಗಿಸಿದರೂ ತೂಕಕ್ಕೆ ಬೆಲೆಯುಂಟು. ಗಡಿಯಾರದ ಬೆಲೆ ಅದನ್ನು ಬಯಸುವವರ ಮೇಲೆ ನಿಂತಿದೆ. ಹೊಸದಕ್ಕೆ ತೆತ್ತ ಶೇ 18ರಷ್ಟು ಜಿಎಸ್‌ಟಿ, ಅಂಗಡಿಯ ಲಾಭ ಎರಡೂ ಮರಳಿ ಬರುವುದಿಲ್ಲ. ರೋಲೆಕ್ಸ್‌ನ ಕೆಲವು ಉಕ್ಕಿನ ಮಾದರಿಗಳಂಥವು ಮಾತ್ರ ಬೇಡಿಕೆಗಿಂತ ಕಡಿಮೆ ಸಿಗುವುದರಿಂದ ಬೆಲೆ ಉಳಿಸಿಕೊಳ್ಳುತ್ತವೆ. ಅವುಗಳ ಮರುಮಾರಾಟದ ದರವೂ 2022ರಲ್ಲಿ ತುದಿ ಮುಟ್ಟಿ ಇಳಿಯಿತು.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಅದರ ಕೀಲಿ ಕೊಡುವ ಹಳೆಯ ಗಡಿಯಾರಗಳನ್ನು ಸಂಗ್ರಹಕಾರರು ಇಂದಿಗೂ ಹುಡುಕುತ್ತಾರೆ. ಆದರೆ ಮೂಲ ಡಯಲ್ ಇರಬೇಕು; ಹೊಸದಾಗಿ ಬಣ್ಣ ಬಳಿಸಿದರೆ ಬೆಲೆ ಕುಗ್ಗುತ್ತದೆ. ಪೆಟ್ಟಿಗೆ, ಬಿಲ್ಲು ಇದ್ದರೆ ಜೋಪಾನವಾಗಿಡಿ.

ಕಟ್ಟಿಕೊಳ್ಳುವ ಸಂತೋಷಕ್ಕೆ ಗಡಿಯಾರ ಕೊಳ್ಳಿ, ಉಳಿತಾಯಕ್ಕೆ ಬೇಡ. ಅಪ್ಪನದನ್ನಂತೂ ಮಾರಬೇಡಿ, ಅವರ ಕೈಯಲ್ಲಿ ಓಡಿದ ಆ ಕಾಲವನ್ನು ಯಾವ ಹಣವೂ ಮರಳಿ ತರಲಾರದು.