ಬಚ್ಚಿಟ್ಟು ತಿಂದವರು ಬಿಚ್ಚಿ ಮಾತಾಡುವ ಸಭೆ

ಹನೂರು ತಾಲ್ಲೂಕಿನ ಚಿಕ್ಕಲ್ಲೂರು ಜಾತ್ರೆಯಲ್ಲಿ ನಾಲ್ಕನೇ ದಿನ ಪಂಕ್ತಿಸೇವೆ. ಜಾತಿ ಕೇಳದೆ ಸಾಲಾಗಿ ಕುಳಿತು ಉಣ್ಣುವುದೇ ಅಲ್ಲಿ ಸಿದ್ಧಪ್ಪಾಜಿಗೆ ಸಲ್ಲುವ ಸೇವೆ. ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಊಟವೆಂದರೆ ನಾಲ್ಕು ಜನರ ನಡುವಿನ ಸಂತೋಷ. ಇದೇ ಸೀಮೆಯಲ್ಲಿ ಬಾಗಿಲು ಹಾಕಿಕೊಂಡು, ಹಸಿವಿಲ್ಲದಿದ್ದರೂ ಹೊಟ್ಟೆ ಬಿರಿಯುವಷ್ಟು ತಿಂದು, ಖಾಲಿ ಪೊಟ್ಟಣಗಳನ್ನು ಬಟ್ಟೆಗಳ ಅಡಿಗೆ ತುರುಕಿ, ತಮ್ಮ ಮೇಲೆ ತಾವೇ ಹೇಸಿಕೊಳ್ಳುವವರೂ ಇರಬಹುದು. ಹೊಟ್ಟೆಬಾಕ ಎಂದು ನಕ್ಕುಬಿಡುತ್ತೇವೆ. ಆ ನಗುವಿಗೆ ಹೆದರಿಯೇ ಅವರು ಮತ್ತಷ್ಟು ಬಚ್ಚಿಡುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿ ಮಾಡಿತು. ವಾರಕ್ಕೊಮ್ಮೆಯಾದರೂ ಹೀಗೆ ಕೈಮೀರಿ ತಿನ್ನುವುದು ಮೂರು ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್.

ಇಂಥವರೇ ಕಟ್ಟಿಕೊಂಡ ಸಂಘ ಓವರ್‌ಈಟರ್ಸ್ ಅನಾನಿಮಸ್. ರೋಜಾನ್ ಎಂಬ ಗೃಹಿಣಿ ಜೂಜಿನ ಚಟ ಬಿಟ್ಟವರ ಸಭೆಯೊಂದಕ್ಕೆ ಜೊತೆಗಾರ್ತಿಯಾಗಿ ಹೋಗಿದ್ದರು. ಅಲ್ಲಿ ಕೇಳಿದ್ದೆಲ್ಲ ತನ್ನದೇ ಕಥೆ ಅನ್ನಿಸಿತು. ವ್ಯತ್ಯಾಸವಿದ್ದದ್ದು ಇಸ್ಪೀಟು ಮತ್ತು ಅನ್ನದಲ್ಲಿ ಮಾತ್ರ. 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರೂ ಸೇರಿ ಮೂವರು ಹೆಂಗಸರಿಂದ ಸಂಘ ಶುರುವಾಯಿತು. ಚಂದಾ ಇಲ್ಲ, ತೂಕ ನೋಡುವುದಿಲ್ಲ, ಪಥ್ಯದ ಚೀಟಿ ಕೊಡುವುದಿಲ್ಲ. ಕುಡಿಯುವವರು ಬಾಟಲಿಯ ಸಹವಾಸವನ್ನೇ ಬಿಡಬಹುದು; ಇವರು ದಿನಕ್ಕೆ ಮೂರು ಹೊತ್ತು ತಟ್ಟೆಯ ಮುಂದೆ ಕೂರಲೇಬೇಕು. ಹಾಗಾಗಿ ನಾಳೆ ಏನು, ಎಷ್ಟು ಉಣ್ಣುತ್ತೇನೆಂದು ಸ್ಪಾನ್ಸರ್ ಎನ್ನುವ ಹಿರಿಯ ಸದಸ್ಯರಿಗೆ ಇವತ್ತೇ ಫೋನ್ ಮಾಡಿ ಹೇಳುವ ಪದ್ಧತಿ ಹಲವರದು.

ನರ್ಸಿಂಗ್, ಮನಶ್ಶಾಸ್ತ್ರ ಓದುವ ಮಕ್ಕಳು ಈ ಸಂಘದ ಸಭೆಯನ್ನು ಒಮ್ಮೆ ನೋಡಬೇಕೆಂಬುದು ನನ್ನ ಆಸೆ. ಹೊರಗಿನವರಿಗೆ ಎಲ್ಲ ಸಭೆಗಳಿಗೂ ಪ್ರವೇಶವಿಲ್ಲ. 'ಮುಕ್ತ ಸಭೆ'ಗೆ ಹೋಗಬೇಕು. ನಾನು ವಿದ್ಯಾರ್ಥಿ, ಕೇಳಲು ಬಂದಿದ್ದೇನೆ ಎಂದು ಮೊದಲೇ ಹೇಳಿಬಿಡಬೇಕು. ಪುಸ್ತಕ, ಪೆನ್ನು, ಮೊಬೈಲ್ ಚೀಲದೊಳಗೇ ಇರಲಿ. ಒಬ್ಬರು ಮಾತಾಡುವಾಗ ಮತ್ತೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮದುವೆ ಮನೆಯಿಂದ ಬಂದು ರಾತ್ರಿ ಅಡುಗೆಮನೆಯಲ್ಲಿ ನಿಂತೇ ತಿಂದದ್ದನ್ನು ಯಾರೋ ಹೇಳುತ್ತಾರೆ. ಉಳಿದವರು ತಲೆದೂಗುತ್ತಾರೆ, ಅಷ್ಟೆ. ಕೊನೆಗೆ ಸುತ್ತುವ ಕಾಣಿಕೆ ಬುಟ್ಟಿಗೆ ಸದಸ್ಯರದೇ ಹಣ. ನೋಡಲು ಬಂದವರು ಹಾಕಬೇಕಿಲ್ಲ. ಕೇಳಿದ ಹೆಸರು, ಕಥೆ ಹೊರಗೆ ಹೋಗಕೂಡದು. ತರಗತಿಯ ವರದಿಯಲ್ಲೂ ಬರಕೂಡದು.

ಆನ್‌ಲೈನ್ ಸಭೆಗಳಿರುವುದರಿಂದ ಯಳಂದೂರಿನ ಮನೆಯಲ್ಲಿ ಕೂತೇ ಸೇರಬಹುದು. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿ. ಇದು ಚಿಕಿತ್ಸೆಗೆ ಬದಲಿಯೂ ಅಲ್ಲ. ತಿಂದದ್ದನ್ನು ಬೇಕೆಂದೇ ಕಕ್ಕುವವರು, ಬದುಕೇ ಬೇಡ ಎನ್ನುವವರು ವೈದ್ಯರನ್ನು ಕಾಣಲೇಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಕಟ್ಟಿಕೊಂಡು ಒಬ್ಬರಿಗೊಬ್ಬರು ಕಾವಲಾಗುವುದನ್ನು ನಾಡು ಕಂಡಿದೆ. ಕುಡಿತಕ್ಕೆ ಸಿಕ್ಕ ಈ ಆಸರೆ ತಿನ್ನುವ ಚಟಕ್ಕೂ ಕನ್ನಡದಲ್ಲಿ ಸಿಗಬೇಕು. ಅದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಸಂಘದ ನಿಯಮದಂತೆ ಇಬ್ಬರು ಸೇರಿದರೂ ಅದೊಂದು ಗುಂಪು.