ಒಂದು ಕಾರು ಏಳಲು ಇನ್ನೊಂದನ್ನು ಬಿಚ್ಚಬೇಕು

ಮಂತ್ರಿಗಳ ಮೆರವಣಿಗೆಯಿಂದ ಮದುವೆ ದಿಬ್ಬಣದವರೆಗೆ ಎಲ್ಲಕ್ಕೂ ಒದಗಿದ ಕಾರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದರ ತಯಾರಿಕೆ ಆರಂಭಿಸಿತು. 2014ರಲ್ಲಿ ಉತ್ಪಾದನೆ ನಿಂತಿತು. ಈ ಕಾರನ್ನು ಉಳಿಸಿಕೊಳ್ಳಬೇಕು ಎನ್ನುವವರಿಗೆ ಈಗ ಬೆಂಗಳೂರಿನ ಶಿವಾಜಿನಗರ, ದೆಹಲಿಯ ಮಾಯಾಪುರಿಯಂಥ ಕಡೆಯ ಗುಜರಿ ಅಂಗಡಿಗಳೇ ದೊಡ್ಡ ಆಸರೆ.

ಗುಜರಿ ಸಾಮಾನಿನಿಂದ ಹಳೆಯ ಕಾರನ್ನು ಎಬ್ಬಿಸಲು ಎರಡು ದಾರಿಗಳಿವೆ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಮಾಡುವುದು ಒಂದು. ಹೊರನೋಟವನ್ನು ಹಾಗೇ ಬಿಟ್ಟು, ಇಂದಿನ ರಸ್ತೆಗೆ ತಕ್ಕಂತೆ ಒಳಗಿನದನ್ನು ಬದಲಿಸುವುದು ಇನ್ನೊಂದು. ಯಾವ ದಾರಿ ಎಂಬುದನ್ನು ಮೊದಲ ಬೋಲ್ಟ್ ಬಿಚ್ಚುವ ಮುನ್ನವೇ ತೀರ್ಮಾನಿಸಬೇಕು.

ಎರಡೂ ದಾರಿಗಳಲ್ಲಿ ಮೊದಲು ನೋಡಬೇಕಾದುದು ಎಂಜಿನ್ ಅಲ್ಲ, ತುಕ್ಕು. ಲಾರಿಗೆ ಇರುವಂತೆ ಅಂಬಾಸಿಡರ್‌ಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಅದರ ಅಸ್ಥಿಪಂಜರ. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ತುಕ್ಕು ತಿಂದಿದ್ದರೆ ಕಾರಿನ ಬಲವೇ ಕುಗ್ಗಿದೆ ಎಂದರ್ಥ. ಅಲ್ಲಿ ಪಟ್ಟಿ (ಪುಟ್ಟಿ) ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಚೆಂದ, ಪ್ರಾಣಕ್ಕೆ ಅಪಾಯ. ಕೊಳೆತ ಭಾಗವನ್ನು ಕತ್ತರಿಸಿ, ಗಟ್ಟಿ ತಗಡನ್ನು ಬೆಸುಗೆ ಹಾಕಲೇಬೇಕು.

ಮುಂದಿನದು ಎಂಜಿನ್. ಹಳೆಯ ಅಂಬಾಸಿಡರ್‌ಗಳಲ್ಲಿದ್ದುದು 1489 ಸಿಸಿ ಪೆಟ್ರೋಲ್ ಎಂಜಿನ್. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ. 1990ರ ದಶಕದ ಆರಂಭದಲ್ಲಿ ಕಂಪನಿಯೇ ಇದೇ ಬಾಡಿಗೆ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಎಂಜಿನ್ ಮತ್ತು ಐದು ಗೇರುಗಳ ಪೆಟ್ಟಿಗೆಯನ್ನು ಕೂರಿಸಿತು. ಹಾಗಾಗಿ ಗುಜರಿಗೆ ಬಂದ ಇಸುಜು ಅಂಬಾಸಿಡರ್ ಎಂದರೆ ಹಳೆಯ ಕಾರಿಗೆ ಶಕ್ತಿ ತುಂಬಬಯಸುವವರಿಗೆ ಅಚ್ಚುಮೆಚ್ಚು. ಆದರೆ ಶಕ್ತಿ ಹೆಚ್ಚಿದರೆ ಸಾಲದು, ನಿಲ್ಲಿಸುವ ಬಲವೂ ಹೆಚ್ಚಬೇಕು. ಹಳೆಯ ಡ್ರಮ್ ಬ್ರೇಕನ್ನು ಹಾಗೇ ಬಿಟ್ಟು ಎಂಜಿನ್ ಮಾತ್ರ ಬದಲಿಸುವುದು ಅವಿವೇಕ.

ಇಲ್ಲಿ ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಸಾರಿಗೆ ಕಚೇರಿಯ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸುವಂತಿಲ್ಲ. ಗುಜರಿ ಎಂಜಿನ್ನಿಗೆ ರಸೀದಿ ಇಲ್ಲದಿದ್ದರೆ ಅದು ಕದ್ದ ಮಾಲೂ ಆಗಿರಬಹುದು.

ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ‘ವಿಂಟೇಜ್’ ಎನಿಸಿಕೊಳ್ಳಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ; ಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಆದರೆ ಬಾಡಿ, ಚಾಸಿಸ್, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅದನ್ನು ಬಳಸುವಂತಿಲ್ಲ. ಅಂದರೆ ಇಸುಜು ಎಂಜಿನ್ ಹೊತ್ತ 1970ರ ಅಂಬಾಸಿಡರ್ ಓಡಲು ಎಷ್ಟೇ ಸೊಗಸಾಗಿದ್ದರೂ ಈ ಗೌರವ ಅದಕ್ಕೆ ಸಿಗುವುದು ಕಷ್ಟ.

ಯಾವ ದಾರಿ ಸರಿ? ದಿನವೂ ಓಡಿಸುವವರಿಗೆ ಒಳ್ಳೆಯ ಬ್ರೇಕು ಮುಖ್ಯ, ಪರಂಪರೆ ಉಳಿಸುವವರಿಗೆ ಮೂಲ ಎಂಜಿನ್ ಮುಖ್ಯ. ಒಂದಂತೂ ನಿಜ: ಒಂದು ಅಂಬಾಸಿಡರ್ ಎದ್ದು ನಿಲ್ಲಲು ಇನ್ನೊಂದನ್ನು ಬಿಚ್ಚಬೇಕು, ಬಿಚ್ಚಿದ್ದರ ಜಾಗಕ್ಕೆ ಕಾರ್ಖಾನೆಯಿಂದ ಹೊಸದು ಬರುವುದಿಲ್ಲ. ಕಳಚಿದ ಮೂಲ ಭಾಗಗಳನ್ನು ತೂಕಕ್ಕೆ ಹಾಕದೆ ಎತ್ತಿಡುವುದು ಜಾಣತನ. ಅದು ಇನ್ನೊಂದು ಕಾರಿಗೆ ಜೀವವಾದೀತು.