ಗೇಮ್ ಕನ್ಸೋಲ್ ಖರೀದಿ: ಕೈಯಲ್ಲಿ ಹಿಡಿಯುವುದೋ, ಟಿ.ವಿ.ಗೆ ಜೋಡಿಸುವುದೋ?

ಇಂಡಿಯ ಲಿಂಬೆ, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ತೊಗರಿ, ಬಸವನ ಬಾಗೇವಾಡಿಯ ಕಿರಾಣಿ, ಹೀಗೆ ವಹಿವಾಟು ಯಾವುದೇ ಇರಲಿ, ಮಕ್ಕಳಿಗೆ ವಿಡಿಯೋ ಗೇಮ್ ಯಂತ್ರ ಕೊಡಿಸುವ ಪ್ರಶ್ನೆ ಇಂದು ವರ್ತಕ ಕುಟುಂಬಗಳಲ್ಲಿ ಏಳುತ್ತಿದೆ. ಕೆಲವು ಯುವಕರು ಗಂಟೆಯ ಲೆಕ್ಕದಲ್ಲಿ ಆಟ ಆಡಿಸುವ ಕೇಂದ್ರ ತೆರೆಯಲೂ ಯೋಚಿಸುತ್ತಾರೆ. ಹೂಡಿಕೆ ಅರ್ಧ ಲಕ್ಷ ರೂಪಾಯಿಯ ಆಸುಪಾಸಿನದಾದ್ದರಿಂದ ಲೆಕ್ಕ ಹಾಕಿ ನಿರ್ಧರಿಸುವುದು ಒಳಿತು.

ಬೆಲೆ

ಕೈಯಲ್ಲಿ ಹಿಡಿಯುವ ಯಂತ್ರ ಚಿಕ್ಕದು, ಆದ್ದರಿಂದ ಅಗ್ಗ ಎಂಬ ಭಾವನೆ ಸರಿಯಲ್ಲ. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5 ಬಿಡುಗಡೆಯಾದಾಗ ಡಿಸ್ಕ್ ಮಾದರಿಯ ಬೆಲೆ 49,990 ರೂ.; 2023ರಲ್ಲಿ ಬಂದ ಏಸಸ್ ಕಂಪನಿಯ ಕೈಯಂತ್ರ ಆರ್‌ಒಜಿ ಅಲೈ 69,990 ರೂ. ಮನೆಯ ಕನ್ಸೋಲಿಗೆ ಟಿ.ವಿ. ಬೇಕು ನಿಜ, ಆದರೆ ಟಿ.ವಿ. ಈಗಾಗಲೇ ಇದ್ದಲ್ಲಿ ಅದರ ವೆಚ್ಚವನ್ನು ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ.

ವಿದ್ಯುತ್ ಹೋದಾಗ ಕೈಯಂತ್ರ ನೆರವಾಗುತ್ತದೆ ಎಂಬ ವಾದವೂ ಭಾಗಶಃ ಮಾತ್ರ ಸತ್ಯ. ಮೇಲೆ ಹೇಳಿದ ಯಂತ್ರದ ಬ್ಯಾಟರಿ 40 ವ್ಯಾಟ್-ಗಂಟೆಯದು. ಭಾರಿ ಆಟಗಳಲ್ಲಿ ಎರಡು ಗಂಟೆಯೊಳಗೆ ಬರಿದಾಗುತ್ತದೆ.

ತೆರಿಗೆ

ವಿಡಿಯೋ ಗೇಮ್ ಕನ್ಸೋಲುಗಳ ಮೇಲಿನ ಜಿ.ಎಸ್.ಟಿ. 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳಿಗೆ ಈ ಇಳಿಕೆ ದೊರೆತದ್ದು 2025ರ ಸೆಪ್ಟೆಂಬರ್ 22ರಂದು. 50,000 ರೂ. ಬಿಲ್ಲಿನಲ್ಲಿ ಶೇ. 18ರಂತೆ ತೆರಿಗೆಯ ಪಾಲು 7,627 ರೂ. ಮಕ್ಕಳ ಆಟಕ್ಕೆ ಕೊಂಡ ಯಂತ್ರವನ್ನು ಅಂಗಡಿಯ ಹೆಸರಿನಲ್ಲಿ ಬಿಲ್ ಮಾಡಿಸಿ ಈ ಮೊತ್ತವನ್ನು ಹೂಡುವಳಿ ತೆರಿಗೆಯಾಗಿ ಪಡೆಯಲು ಕಾಯ್ದೆಯ 17(5) ಕಲಮಿನನ್ವಯ ಅವಕಾಶವಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗಂತೂ ವ್ಯಾಪಾರದ ಖರೀದಿಗೂ ಈ ಸೌಲಭ್ಯವಿಲ್ಲ.

ಬಿಲ್ ಇಲ್ಲದ ಆಮದು ಸರಕಿನ ಬಗ್ಗೆಯೂ ಎಚ್ಚರ ಅಗತ್ಯ. 2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಬಿಡುಗಡೆಯಾದ ದೇಶಗಳಲ್ಲಿ ಭಾರತವಿರಲಿಲ್ಲ. ಇಂತಹ ಯಂತ್ರ ಕೊಳ್ಳುವ ಮುನ್ನ ವಾರಂಟಿಯನ್ನು ಯಾರು, ಎಲ್ಲಿ ನಿರ್ವಹಿಸುತ್ತಾರೆಂಬುದನ್ನು ಲಿಖಿತವಾಗಿ ಪಡೆಯಬೇಕು.

ಉಳಿಕೆ ಮೌಲ್ಯ

ಡಿಸ್ಕ್ ರೂಪದ ಆಟವನ್ನು ಆಡಿ ಮುಗಿಸಿ ಮಾರಬಹುದು. ಖಾತೆಗೆ ಇಳಿಸಿಕೊಂಡ ಆಟವನ್ನು ಮಾರಲಾಗದು. ಸೋನಿಯ ಕೈಯಂತ್ರ ಪಿ.ಎಸ್.ಪಿ. 2004ರಲ್ಲಿ ಬಂದಿತು. ಅದರ ಯು.ಎಂ.ಡಿ. ಡಿಸ್ಕುಗಳು 2011ರಲ್ಲಿ ಬಂದ ಮುಂದಿನ ಕೈಯಂತ್ರ ವೀಟಾದಲ್ಲಿ ನಡೆಯಲಿಲ್ಲ. ವೀಟಾದ ಉತ್ಪಾದನೆಯೂ 2019ರಲ್ಲಿ ನಿಂತಿತು. ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿಯಲ್ಲಾದರೋ ಪ್ಲೇಸ್ಟೇಷನ್ 4ರ ಬಹುತೇಕ ಡಿಸ್ಕುಗಳು ನಡೆಯುತ್ತವೆ. ದಾಸ್ತಾನು ಇಡುವ ಅಂಗಡಿಕಾರರು ಈ ವ್ಯತ್ಯಾಸವನ್ನು ಗಮನಿಸಬೇಕು. ದುರಸ್ತಿಯಲ್ಲೂ ಹಾಗೆಯೇ: ಮನೆಯ ಕನ್ಸೋಲಿನ ಕಂಟ್ರೋಲರ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು, ಕೈಯಂತ್ರದಲ್ಲಿ ಪರದೆ, ಬ್ಯಾಟರಿ, ಗುಂಡಿ ಎಲ್ಲವೂ ಒಂದೇ ಒಡಲಿನಲ್ಲಿವೆ.

ಬಾಡಿಗೆ ಕೇಂದ್ರ

ಉದಾಹರಣೆಗೆ ಕನ್ಸೋಲ್, ಟಿ.ವಿ., ಎರಡನೆಯ ಕಂಟ್ರೋಲರ್ ಮತ್ತು ಆಟಗಳು ಸೇರಿ 90,000 ರೂ. ಎನ್ನೋಣ. ಗಂಟೆಗೆ 60 ರೂ.ನಂತೆ ದಿನಕ್ಕೆ 4 ಗಂಟೆ, ತಿಂಗಳಿಗೆ 25 ದಿನ ನಡೆದರೆ ಆದಾಯ 6,000 ರೂ. ಬಾಡಿಗೆ, ವಿದ್ಯುತ್, ದುರಸ್ತಿಗೆ 3,000 ರೂ. ಕಳೆದರೆ ಹೂಡಿದ ಹಣ ಮರಳಲು 30 ತಿಂಗಳು ಬೇಕು. ಇದರಲ್ಲಿ ಮಾಲೀಕನ ದುಡಿಮೆಗೆ ಕೂಲಿ ಸೇರಿಲ್ಲ. ಇದಲ್ಲದೆ, ಕನ್ಸೋಲಿನ ತಂತ್ರಾಂಶ ಪರವಾನಗಿ ಸಾಮಾನ್ಯವಾಗಿ ಖಾಸಗಿ ಬಳಕೆಗೆ ಸೀಮಿತ. ಆ ಷರತ್ತನ್ನೂ ಸ್ಥಳೀಯ ಪೌರಸಂಸ್ಥೆಯ ಪರವಾನಗಿಯನ್ನೂ ಮೊದಲು ಪರಿಶೀಲಿಸದೆ ಸಾಲ ಮಾಡಿ ಈ ಉದ್ಯಮಕ್ಕೆ ಇಳಿಯುವುದು ಸಲ್ಲದು.

ಒಟ್ಟಿನಲ್ಲಿ, ಟಿ.ವಿ. ಇರುವ, ಇಬ್ಬರು ಮೂವರು ಮಕ್ಕಳಿರುವ ಮನೆಗೆ ಡಿಸ್ಕ್ ಸೌಲಭ್ಯದ ಮನೆಯ ಕನ್ಸೋಲೇ ಲಾಭಕರ. ಮಗ ಅಥವಾ ಮಗಳು ಹಾಸ್ಟೆಲಿನಲ್ಲಿದ್ದರೆ ಇಲ್ಲವೇ ಮನೆಯ ಒಂದೇ ಟಿ.ವಿ. ಹಿರಿಯರಿಗೆ ಬೇಕಾಗಿದ್ದರೆ ಮಾತ್ರ ಕೈಯಂತ್ರಕ್ಕೆ ಕೊಡುವ ಬೆಲೆ ಸಾರ್ಥಕ. ಎರಡರಲ್ಲಿ ಯಾವುದೇ ಆಗಲಿ, ಹಣ ಮನೆಯ ಖಾತೆಯಿಂದ ಹೋಗಲಿ. ಅಂಗಡಿಯ ದುಡಿಯುವ ಬಂಡವಾಳದಿಂದ ಬೇಡ.